ಹೌದು, ಕುಲಕರ್ಣಿ. ಅಲ್ಲ, ಮರಾಠಿ ಅಲ್ಲ

"ಕುಲಕರ್ಣಿ ಅಂದ್ರೆ ಮರಾಠಿಯವರು ಅಲ್ವಾ?"

ಬೆಂಗಳೂರಿಗೆ ಬಂದಾಗಿನಿಂದ ಇದೇ ಪ್ರಶ್ನೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಸುಮ್ನೆ ಇದನ್ನು ಕಳಿಸಿಬಿಡುತ್ತೇನೆ, ಓದಿಕೊಳ್ಳಲಿ.

ಅಲ್ಲ. ನಾವು ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆಯವರು. ಮನೆಮಾತು ಕನ್ನಡ. ಪುಣೆಯಲ್ಲಿ ಬಸ್ ಎಲ್ಲಿಗೆ ಹೋಗುತ್ತದೆ ಎಂದು ಮರಾಠಿಯಲ್ಲಿ ಕೇಳಲು ಕೂಡ ನನಗೆ ಬರುವುದಿಲ್ಲ.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರುವುದು ಅದರ ಹಿಂದೆಯೇ ಬರುವ ಹೊಗಳಿಕೆಗೆ. ರಾಜಾಜಿನಗರದಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಅರ್ಧ ಗಂಟೆ ನೀರು, ಕರೆಂಟು, ಅಡ್ವಾನ್ಸು ಎಲ್ಲಾ ಕನ್ನಡದಲ್ಲೇ ಮಾತಾಡಿದ್ದೇವೆ. ಕೊನೆಗೆ ಓನರ್ ಆಂಟಿ ಹೆಸರು ಕೇಳಿದರು, ಹೇಳಿದೆ. ಅವರ ಮುಖ ಅರಳಿತು. "ಪರವಾಗಿಲ್ವೇ, ಕನ್ನಡ ಎಷ್ಟು ಚೆನ್ನಾಗಿ ಕಲ್ತಿದ್ದೀರಾ!" ಅಂದರು. ಹೌದು ಆಂಟಿ, ತೊಟ್ಟಿಲಲ್ಲೇ ಶುರು ಮಾಡಿದೆ. ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಮನೆ ಬೇಕಿತ್ತು.

ಅರ್ಥ ಹೇಳಿ ಮುಗಿಸುತ್ತೇನೆ. ಕೆಲವರು ಕರ್ಣನ ಕುಲವಾ ಅನ್ನುತ್ತಾರೆ. ಕವಚ ಕುಂಡಲ ಏನೂ ಸಿಕ್ಕಿಲ್ಲ. 'ಕರಣಿಕ' ಅಂದರೆ ಲೆಕ್ಕ ಬರೆಯುವವನು, ನಮ್ಮ ಹಳೆಯ ಶಾಸನಗಳಲ್ಲೇ ಇರುವ ಮಾತು. ಇನ್ನು 'ಕುಲ' ಅಂದ ಕೂಡಲೇ ಜಾತಿ ನೆನಪಾಗುತ್ತದೆ. ಆದರೆ ಕಂದಾಯದ ಭಾಷೆಯಲ್ಲಿ 'ಕುಳ' ಅಂದರೆ ತೆರಿಗೆ ಕಟ್ಟುವ ರೈತ. 'ಅವನು ದೊಡ್ಡ ಕುಳ' ಅನ್ನುತ್ತೇವಲ್ಲ, ಅದೇ ಕುಳ. ಊರಿನ ಕುಳಗಳ ಲೆಕ್ಕ ಬರೆಯುವವನು ಕುಲಕರ್ಣಿ. ಅದು ಹುದ್ದೆ. ನಿಮ್ಮ ಹಳೇ ಮೈಸೂರಿನ ಶಾನುಭೋಗರು, ಆಂಧ್ರದ ಕರಣಂ, ಇವರದ್ದೂ ಅದೇ ಕೆಲಸ. ನಮ್ಮ ಕಡೆ ಊರಿಗೆ ಒಬ್ಬ ಗೌಡ, ಒಬ್ಬ ಕುಲಕರ್ಣಿ. ಹಲವು ಊರು ಸೇರಿದ ಪರಗಣೆಗೆ ದೇಸಾಯಿ ಮತ್ತು ದೇಶಪಾಂಡೆ. ಅಂದರೆ ದೇಶಪಾಂಡೆಯವರು ನಮ್ಮ ಹೆಡ್ಡಾಫೀಸು. ಹಾಗೆಯೇ, ಕುಲಕರ್ಣಿ ಅಂದರೆ ಬ್ರಾಹ್ಮಣರೇ ಎಂದೂ ಲೆಕ್ಕ ಹಾಕಬೇಡಿ, ಲಿಂಗಾಯತ ಕುಲಕರ್ಣಿಗಳೂ ಇದ್ದಾರೆ.

ಮರಾಠಿಯ ವಾಸನೆ ಎಲ್ಲಿಂದ ಬಂತು ಅಂದರೆ, ಆಫೀಸಿನಿಂದ. ಪುಣೆಯ ಪೇಶ್ವೆಗಳ ಕಾಲದಲ್ಲಿ ನಮ್ಮ ಕಡೆಯ ಕಂದಾಯದ ಲೆಕ್ಕ ಮರಾಠಿಯಲ್ಲಿ, ಮೋಡಿ ಅನ್ನುವ ಹಳೆಯ ಕೂಡಕ್ಷರದ ಲಿಪಿಯಲ್ಲಿ ನಡೆಯುತ್ತಿತ್ತು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು, ರೂಢಿ ಬೇಗ ಹೋಗಲಿಲ್ಲ. ಮನೆಯಲ್ಲಿ ಕನ್ನಡ, ಕಾಗದದ ಮೇಲೆ ಮರಾಠಿ. ಈಗ ನೀವು ದಿನವಿಡೀ ಆಫೀಸಲ್ಲಿ ಇಂಗ್ಲಿಷ್ ಬರೆಯುತ್ತೀರಿ. ನಿಮ್ಮ ಊರು ಲಂಡನ್ನಾ ಅಂತ ಯಾರಾದರೂ ಕೇಳಿದ್ದಾರಾ?

ಇದೇ ಹೆಸರಿನ ಇಬ್ಬರನ್ನು ನೋಡಿ. ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದ ಕನ್ನಡ ಕಾದಂಬರಿಕಾರ ಗಳಗನಾಥರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತ ಮರಾಠಿಯಲ್ಲಿ ಕತೆ ಬರೆದವರು ಜಿ.ಎ. ಕುಲಕರ್ಣಿ. ಹೆಸರು ನೋಡಿ ಭಾಷೆ ಹೇಳುವವರು ಇವರಿಬ್ಬರನ್ನು ಬೇರೆ ಮಾಡಿ ತೋರಿಸಲಿ.

ಹುದ್ದೆ ಹೋಗಿ ಎಷ್ಟೋ ಕಾಲವಾಯಿತು. ನಾವಾಗ ಮುಂಬೈ ಪ್ರಾಂತದಲ್ಲಿದ್ದೆವು. 1950ರ ಕಾಯ್ದೆ ಕುಲಕರ್ಣಿ ವತನ, ಅಂದರೆ ವಂಶಪಾರಂಪರ್ಯದ ಹಕ್ಕು, ರದ್ದು ಮಾಡಿತು. ಲೆಕ್ಕ ಸರ್ಕಾರಿ ನೌಕರನಾದ ತಲಾಠಿಯ ಕೈಗೆ ಹೋಯಿತು, ಹೆಸರು ನಮಗೆ ಅಂಟಿಕೊಂಡೇ ಉಳಿಯಿತು. ನನಗಂತೂ ಎರಡು ಪದರ ಅಂಟಿದೆ: ತವರೂ ಕುಲಕರ್ಣಿ, ಗಂಡನ ಮನೆಯೂ ಕುಲಕರ್ಣಿ. ಸಂಬಂಧಿಕರಲ್ಲ, ಊರು ಬೇರೆ, ಗೋತ್ರ ಬೇರೆ. ಮದುವೆಯಾದ ಮೇಲೆ ಬ್ಯಾಂಕಿಗೆ ಹೋದರೆ ಗುಮಾಸ್ತರು, "ಹೆಸರು ಬದಲಾಗೇ ಇಲ್ವಲ್ಲ ಮೇಡಂ, ಮತ್ತೆ ಯಾಕೆ ಬಂದ್ರಿ?" ಅಂದರು. ವಿಳಾಸ ಬದಲಾಗಿತ್ತು, ಅದಕ್ಕೆ.

ಈ ಹೆಸರಿನ ಬಗ್ಗೆ ಕೇಳಬೇಕಾದ್ದನ್ನು ಸರಿಯಾಗಿ ಕೇಳಿದ್ದು ಒಬ್ಬರೇ. ಹೋದ ವರ್ಷ ಇಳಕಲ್‌ನಲ್ಲಿ ಸೀರೆ ಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಹೆಸರು ಕೇಳಿದರು. ಹೇಳಿದೆ. "ಯಾವೂರ ಕುಲಕರ್ಣ್ಯಾರವಾ?"

ನೋಡಿ, ಪ್ರಶ್ನೆ ಅಂದರೆ ಇದು. ಹುದ್ದೆ ಅಂದ ಮೇಲೆ ಊರು ಇರಲೇಬೇಕಲ್ಲ. ಖುಷಿಯಿಂದ ಊರಿನ ಹೆಸರು ಹೇಳಿದೆ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೌದಾ. ನಮ್ಮಪ್ಪನ ಎರಿ ಹೊಲಾ ನಿಮ್ಮ ಮುತ್ತ್ಯಾನ ಬರದಿದ್ದ" ಅಂದರು.

ನಮ್ಮ ಹಿರಿಯರು ಆ ಹೊಲ ಯಾರ ಹೆಸರಿಗೆ ಬರೆದರು ಅಂತ ಅಜ್ಜ ಹೇಳಲಿಲ್ಲ. ನಾನು ಕೇಳಲಿಲ್ಲ. ನಮ್ಮ ಹಳೇ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ದಫ್ತರವಿದೆ. ಗಂಟು ಬಿಚ್ಚಿದರೆ ಹುಣಸೆಬೀಜದ ಬಣ್ಣಕ್ಕೆ ತಿರುಗಿದ ಕಾಗದ, ಅಂಚು ಹುಳ ತಿಂದದ್ದು, ತುಂಬ ಮೋಡಿ ಅಕ್ಷರ. ಒಂದಕ್ಕೊಂದು ಕೊಕ್ಕೆ ಹಾಕಿಕೊಂಡ ಗೆರೆಗಳು. ಎಲ್ಲಿ ರೈತನ ಹೆಸರು, ಎಲ್ಲಿ ಹೊಲ, ನಮ್ಮಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ. ಇಷ್ಟು ದಿನ ಅದನ್ನು ತಮಾಷೆಯಾಗಿ ಹೇಳಿಕೊಂಡು ತಿರುಗುತ್ತಿದ್ದೆ.

"ಚಾ ಕುಡೀತಿ ಏನವಾ?" ಅಂದರು ಅಜ್ಜ. ಕುಡಿದೆ. ದುಡ್ಡು ಕೊಡಲು ಪರ್ಸ್ ತೆಗೆದರೆ ಬಿಡಲಿಲ್ಲ.