ಕಸೂತಿ ನಕ್ಷೆಯ ಕೆಳಗೆ ಮುಳುಗುತ್ತಿದ್ದ ಎಣಿಕೆ ಡಬ್ಬಿ: ನಾಲ್ಕನೇ ವಾರ

ಇಳಕಲ್‌ನಲ್ಲಿರುವ ಚಿಗವ್ವನಿಗಾಗಿ ಬರೆಯುತ್ತಿರುವ ಕಸೂತಿ ಪ್ರೋಗ್ರಾಂ ಈ ವಾರ ಬಳಸುವ ಮಟ್ಟಕ್ಕೆ ಬಂತು. ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಪೈಥಾನ್‌ನ ಟಿಕಿಂಟರ್‌ನಲ್ಲಿ (ವಿಂಡೋ ಮಾಡಲು ಬಳಸುವ ಸಲಕರಣೆ) ಎರಡು ವಿಂಡೋ ಮಾಡಿದ್ದೇನೆ. ಒಂದು ಇಡೀ ಪರದೆ ತುಂಬುವ ಚೌಕಳಿ ನಕ್ಷೆ. ಇನ್ನೊಂದು ಮೂಲೆಯಲ್ಲಿ ಕೂರುವ ಸಣ್ಣ ಡಬ್ಬಿ: ಎಷ್ಟನೇ ಸಾಲು, ಎಷ್ಟನೇ ಹೊಲಿಗೆ ಎಂದು ತೋರಿಸುತ್ತದೆ.

ಆ ಡಬ್ಬಿ ಕಣ್ಣಿಗೆ ಬೀಳುತ್ತಲೇ ಇರಬೇಕು. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಾವಂತಿ ಹೊಲಿಗೆಯಲ್ಲಂತೂ ಹೋಗುವಾಗ ಒಂದೊಂದು ಜಾಗ ಬಿಟ್ಟು ಹೋಗಿ, ಬರುವಾಗ ಅದನ್ನು ತುಂಬುತ್ತ ಬರುತ್ತಾರೆ. ಹೋಗುವಾಗ ಲೆಕ್ಕ ತಪ್ಪಿದ್ದು ಎಷ್ಟೋ ಸಲ ಬರುವಾಗಲೇ ಗೊತ್ತಾಗುವುದು. ಆಗ ಅಷ್ಟೂ ಬಿಚ್ಚಬೇಕು.

ಮೊದಲ ದಿನವೇ ಫೋನ್ ಬಂತು: "ತಮ್ಮಾ, ನಕ್ಷಾದ ಮ್ಯಾಲೆ ಒತ್ತಿದ ಕೂಡ್ಲೆ ಎಣಿಕಿ ಡಬ್ಬಿ ಮಾಯ ಆಗತೈತಿ ನೋಡು."

ಡಬ್ಬಿಗೆ ನಾನು 'ಟಾಪ್‌ಮೋಸ್ಟ್' (ಯಾವಾಗಲೂ ಮೇಲಿರಲಿ ಎಂಬ ಗುರುತು) ಹಾಕಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದು ತಪ್ಪು. ಎಕ್ಸ್11ನಲ್ಲಿ (ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ವ್ಯವಸ್ಥೆ) ಯಾವ ವಿಂಡೋ ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವುದು ವಿಂಡೋ ಮ್ಯಾನೇಜರ್ ಎಂಬ ಇನ್ನೊಂದು ಪ್ರೋಗ್ರಾಂ; ನಮ್ಮ ಪ್ರೋಗ್ರಾಂ ಕೇಳಿಕೊಳ್ಳಬಹುದು ಅಷ್ಟೇ. ವಿಂಡೋ ಮ್ಯಾನೇಜರ್‌ಗಳು ಅನುಸರಿಸುವ ಇಡಬ್ಲ್ಯೂಎಂಎಚ್ ನಿಯಮಾವಳಿ ಪದರಗಳಿಗೆ ಒಂದು ಕ್ರಮ ಸೂಚಿಸುತ್ತದೆ. ಎಲ್ಲಕ್ಕಿಂತ ಕೆಳಗೆ ಡೆಸ್ಕ್‌ಟಾಪ್, ಆಮೇಲೆ 'ಕೆಳಗಿರಲಿ' ಎಂದು ಗುರುತಿಸಿದವು, ಅದರ ಮೇಲೆ ಮಾಮೂಲಿ ವಿಂಡೋಗಳು, ಅವುಗಳ ಮೇಲೆ ಪ್ಯಾನೆಲ್ ಮತ್ತು 'ಮೇಲಿರಲಿ' ಎಂದು ಗುರುತಿಸಿದವು. ಇವೆಲ್ಲದರ ನೆತ್ತಿಯ ಮೇಲೆ, ಫೋಕಸ್ ಇರುವ, ಅಂದರೆ ಕೀ ಒತ್ತಿದ್ದು ತಲುಪುವ, ಫುಲ್‌ಸ್ಕ್ರೀನ್ ವಿಂಡೋ. ಚಿಗವ್ವ ನಕ್ಷೆಯ ಮೇಲೆ ಒತ್ತಿದಾಗ ಫೋಕಸ್ ನಕ್ಷೆಗೆ ಬಂತು, ನಕ್ಷೆ ಮೇಲಿನ ಪದರಕ್ಕೆ ಏರಿತು, ಡಬ್ಬಿ ಅದರಡಿ ಹೋಯಿತು. ಎಲ್ಲವೂ ನಿಯಮದ ಪ್ರಕಾರವೇ ನಡೆದಿತ್ತು.

ಇದನ್ನು ಓದುವ ಮೊದಲು ಎರಡು ರಾತ್ರಿ ಬೇರೆ ದಾರಿಗಳಲ್ಲಿ ಕಳೆದವು. ಅರ್ಧ ಸೆಕೆಂಡಿಗೊಮ್ಮೆ ಡಬ್ಬಿಯನ್ನು ಮೇಲೆತ್ತಿ ಫೋಕಸ್ ಕೊಟ್ಟೆ: ಪರದೆ ಮಿನುಗತೊಡಗಿತು, ಸ್ಪೇಸ್ ಕೀ ಒತ್ತಿದ್ದು ನಕ್ಷೆಗೆ ತಲುಪಲಿಲ್ಲ. ಆಮೇಲೆ 'ಓವರ್‌ರೈಡ್‌ರೀಡೈರೆಕ್ಟ್' ಹಾಕಿದೆ. ಅಂದರೆ ವಿಂಡೋ ಮ್ಯಾನೇಜರ್ ಈ ವಿಂಡೋದ ಉಸಾಬರಿಗೇ ಬರಬಾರದು ಎಂದಂತೆ. ಡಬ್ಬಿ ಮೇಲೇನೋ ನಿಂತಿತು, ಆದರೆ ಬೇರೆ ಪ್ರೋಗ್ರಾಂ ತೆರೆದರೂ ಅದರ ಮೇಲೆಯೇ ಉಳಿಯಿತು, ಆಲ್ಟ್-ಟ್ಯಾಬ್ ಪಟ್ಟಿಯಲ್ಲೂ ಕಾಣಲಿಲ್ಲ. ಬೇರೆಯವರ ಯಂತ್ರದಲ್ಲಿ ಹಾಗೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಪರಿಹಾರ ಒಂದೇ ಸಾಲಿನದು: ಡಬ್ಬಿಯನ್ನು ನಕ್ಷೆಯ 'ಟ್ರಾನ್ಸಿಯೆಂಟ್' ಮಾಡುವುದು. 'ನಾನು ಎಲ್ಲರಿಗಿಂತ ಮೇಲೆ' ಎನ್ನುವ ಬದಲು 'ನಾನು ಈ ವಿಂಡೋಕ್ಕೆ ಸೇರಿದವನು' ಎಂದು ಹೇಳಿದಂತೆ. ಸಂಬಂಧ ಗೊತ್ತಾದ ಮೇಲೆ ವಿಂಡೋ ಮ್ಯಾನೇಜರ್ ತಾನೇ ಡಬ್ಬಿಯನ್ನು ನಕ್ಷೆಯ ಮೇಲಿಡುತ್ತದೆ. ನಕ್ಷೆಯನ್ನು ಮಿನಿಮೈಸ್ ಮಾಡಿದರೆ ಅದರ ಜೊತೆ ಡಬ್ಬಿಯೂ ಇಳಿಯುತ್ತದೆ. ಟಾಪ್‌ಮೋಸ್ಟ್ ತೆಗೆದುಹಾಕಿದೆ, ಮೇಲೆತ್ತುವ ಲೂಪ್ ಅಳಿಸಿದೆ. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಡಬ್ಬಿಯನ್ನು ನಕ್ಷೆಯೊಳಗೇ ಬರೆದುಬಿಡಬಹುದಿತ್ತಲ್ಲ ಎಂದು ಕೇಳಬಹುದು. ಒಂದೇ ಪರದೆಯಾಗಿದ್ದರೆ ಖಂಡಿತ ಹಾಗೇ ಮಾಡುತ್ತಿದ್ದೆ. ಆದರೆ ಚಿಗವ್ವನಿಗೆ ನಕ್ಷೆ ಟಿವಿಯಲ್ಲಿ ದೊಡ್ಡದಾಗಿ ಬೇಕು, ಎಣಿಕೆ ಕೈಹತ್ತಿರದ ಲ್ಯಾಪ್‌ಟಾಪ್‌ನಲ್ಲಿ ಬೇಕು.

ಟಿವಿಗೆ ಎಚ್‌ಡಿಎಂಐ ಹಾಕಿದೊಡನೆ ಡಬ್ಬಿ ಮತ್ತೆ ಕಾಣೆಯಾಯಿತು. ಈ ಸಲ ಪದರದ ತಪ್ಪಲ್ಲ, ಜಾಗದ ತಪ್ಪು. ಲ್ಯಾಪ್‌ಟಾಪ್ 1366×768, ಅದರ ಬಲಕ್ಕೆ ಟಿವಿ 1920×1080. ಪರದೆಯ ಅಗಲ ಎಷ್ಟು ಎಂದು ಟಿಕಿಂಟರ್‌ಗೆ ಕೇಳಿದರೆ 3286 ಎನ್ನುತ್ತದೆ, ಎತ್ತರ 1080. ಎರಡೂ ಪರದೆ ಸೇರಿ ಅದಕ್ಕೆ ಒಂದೇ ಅಂಗಳ. ನನ್ನ ಲೆಕ್ಕದಲ್ಲಿ ಡಬ್ಬಿ ಎಡಗಡೆಯ ಕೆಳಮೂಲೆಯಲ್ಲಿ ಇರಬೇಕಿತ್ತು. ಎತ್ತರ 1080 ಎಂದು ನಂಬಿ ಇಟ್ಟಾಗ ಲ್ಯಾಪ್‌ಟಾಪ್‌ನ 768ರ ಅಂಚು ದಾಟಿ, ಯಾವ ಪರದೆಯೂ ತೋರಿಸದ ಜಾಗಕ್ಕೆ ಬಿದ್ದಿತ್ತು. ಈಗ ಎಕ್ಸ್‌ರ್‍ಯಾಂಡ್‌ಆರ್ ಎಂಬ ಪರದೆ ಹೊಂದಿಸುವ ಸಾಧನ ಕೊಡುವ ಒಂದೊಂದು ಪರದೆಯ ಅಳತೆ ಮತ್ತು ಆರಂಭದ ಬಿಂದು ಓದಿ, ಅದರೊಳಗೇ ಲೆಕ್ಕ ಹಾಕುತ್ತೇನೆ. ಎಚ್‌ಡಿಎಂಐ ಕಿತ್ತಾಗ ಹಳೆಯ ಜಾಗ ಪರದೆಯ ಹೊರಗೆ ಬಿದ್ದರೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಕ್ಷೆಗೂ ಒಂದು ಕ್ರಮ ಉಂಟು: ಮೊದಲು ಅದನ್ನು 1366ರ ಆಚೆ ಸರಿಸಿ, ಆಮೇಲೆ ಫುಲ್‌ಸ್ಕ್ರೀನ್ ಮಾಡಬೇಕು. ಮೊದಲೇ ಫುಲ್‌ಸ್ಕ್ರೀನ್ ಮಾಡಿದರೆ ಅದು ಇದ್ದಲ್ಲಿಂದ ಕದಲಲಿಲ್ಲ.

ಉಳಿದದ್ದು ಎಕ್ಸ್11ರ ಬದಲಿಗೆ ಬಂದಿರುವ ಹೊಸ ವ್ಯವಸ್ಥೆ ವೇಲ್ಯಾಂಡ್. ಅಲ್ಲಿ ಮಾಮೂಲಿ ವಿಂಡೋ ತನ್ನ ಜಾಗವನ್ನು ತಾನೇ ಹೇಳುವಂತಿಲ್ಲ, ಎಲ್ಲವೂ ಪರದೆಯ ಚಿತ್ರ ಜೋಡಿಸುವ ಕಾಂಪೋಸಿಟರ್ ಕೈಯಲ್ಲಿ. ಸದ್ಯಕ್ಕೆ ಚಿಗವ್ವನ ಲ್ಯಾಪ್‌ಟಾಪ್ ಎಕ್ಸ್11ರಲ್ಲೇ ಇರಲಿ.

ಭಾನುವಾರ ಬಾಗಲಕೋಟೆಯಿಂದ ಇಳಕಲ್‌ಗೆ ಹೋಗಿ ಎದುರಿಗೇ ಕೂತು ನೋಡಿದೆ. ಸೆರಗಿನ ಗೋಪುರದ ಒಂದು ಮಗ್ಗುಲು ಮುಗಿಯುವವರೆಗೆ ಡಬ್ಬಿ ಒಮ್ಮೆಯೂ ಮರೆಯಾಗಲಿಲ್ಲ. ಚಿಗವ್ವ ಕನ್ನಡಕ ಹಣೆಗೇರಿಸಿ, "ಅಂಕಿ ಇನ್ನಾ ಸ್ವಲ್ಪ ದಪ್ಪ ಮಾಡಪಾ" ಅಂದಳು. ಮುಂದಿನ ವಾರದ ಕೆಲಸ ಅದು.