ಹುಥ್ ನಾಲ್ಕೋ ಆರೋ: ತುಸ್ಕಾನಿಯಾ ದಾಳದ ಕೆಲಸ ಎಲ್ಲಿಗೆ ಬಂತು

ಇಟಲಿಯ ತುಸ್ಕಾನಿಯಾದ ಹೆಸರಿನಲ್ಲಿ ಕರೆಯುವ ಪ್ರಾಚೀನ ದಾಳಗಳ ಮುಖಗಳಲ್ಲಿ ಕುಳಿಗಳ ಬದಲು ಎಟ್ರುಸ್ಕನ್ ಭಾಷೆಯ ಸಂಖ್ಯಾಪದಗಳಿವೆ. ಎಟ್ರುಸ್ಕನ್ನರು ರೋಮನ್ನರಿಗಿಂತ ಮೊದಲೇ ಇಟಲಿಯಲ್ಲಿ ಬಲವಾಗಿದ್ದ ಜನ, ಅವರ ಭಾಷೆ ಇನ್ನೂ ಪೂರ್ತಿ ಬಿಡಿಸಿಲ್ಲ. ಆ ದಾಳದ ಪ್ರತಿಯನ್ನು ಮರದಲ್ಲಿ ಮಾಡುತ್ತಿದ್ದೇನೆ. ಅಕ್ಷರದ ದಾಳ ಕೊನೆಗೂ ಮುಗಿಯಿತು. ಮಖ್, ಥು, ಝಲ್, ಹುಥ್, ಕಿ, ಶ. ಆರು ಮುಖಕ್ಕೆ ಆರು ಪದ. ಕೊಯ್ಯುವುದು, ಅರ ಹಾಕುವುದು, ಉಪ್ಪುಕಾಗದದಿಂದ ಉಜ್ಜುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಅದನ್ನು ಬಿಡುತ್ತೇನೆ. ಆದರೆ ಮರದ ವಿಷಯ ಹೇಳದೆ ಇರಲಾರೆ. ಮೂಲ ದಾಳಗಳು ದಂತದವು. ಬಣ್ಣ ಹೊಂದಲಿ ಎಂದು ನಾನು ಹಾಲೆ ಮರ ತರಿಸಿದ್ದೆ. ಒಣಗಿದ ಮರವೆಂದು ರಸೀದಿಯಲ್ಲಿ ಬರೆದು ಹಸಿ ತುಂಡು ಕಳಿಸುವುದು ಯಾವ ನ್ಯಾಯ? ಎರಡು ದಾಳಗಳು ಪದ ಕೆತ್ತಿ ಮುಗಿಸಿದ ವಾರದಲ್ಲೇ ಸೀಳಿದವು. ವ್ಯಾಪಾರಿಗೆ ಫೋನು ಮಾಡಿದರೆ, ಮಳೆಗಾಲವಲ್ಲವೇ ಸ್ವಾಮಿ ಎನ್ನುತ್ತಾರೆ. ನನ್ನ ಮನೆಗೂ ಅದೇ ಮಳೆಗಾಲ ಬಂದಿತ್ತು. ಈಗ ತುಂಡುಗಳನ್ನು ನಾನೇ ಎರಡು ತಿಂಗಳು ಅಟ್ಟದ ಮೇಲಿಟ್ಟು ಒಣಗಿಸುತ್ತೇನೆ.

ಇಷ್ಟು ದಿನ ನನ್ನ ನಿದ್ದೆ ಕೆಡಿಸಿದ್ದು ಎರಡನೆಯ ದಾಳ. ಅಕ್ಷರದ ದಾಳದ ಪಕ್ಕದಲ್ಲಿ ಇಡಲು ಅದೇ ಜೋಡಣೆಯ ಕುಳಿಗಳ ದಾಳವೊಂದು ಬೇಕು: ಪದವಿದ್ದ ಕಡೆ ಅದರ ಬೆಲೆಯಷ್ಟು ಕುಳಿ. ಸುಲಭವೆಂದು ಹೊರಟೆ, ಹುಥ್ ಮತ್ತು ಶ ಹತ್ತಿರ ಬಂದು ಬೈರಿಗೆ ನಿಂತುಬಿಟ್ಟಿತು.

ಉಳಿದ ನಾಲ್ಕರಲ್ಲಿ ತಕರಾರಿಲ್ಲ. ಕಿ ಎಂದರೆ ಮೂರು. 1964ರಲ್ಲಿ ಇಟಲಿಯ ಪಿರ್ಗಿಯಲ್ಲಿ ಸಿಕ್ಕ ಮೂರು ಚಿನ್ನದ ತಗಡುಗಳೇ ಅದಕ್ಕೆ ಸಾಕ್ಷಿ. ಎರಡು ಎಟ್ರುಸ್ಕನ್, ಒಂದು ನಾವು ಓದಬಲ್ಲ ಫಿನೀಷಿಯನ್. ಎಟ್ರುಸ್ಕನ್ ನಗರ ಕೇರೆಯ ದೊರೆ ಥೆಫಾರಿಯೆ ವೆಲಿಯಾನಸ್ ದೇವಿಗೆ ಮಾಡಿದ ಅರ್ಪಣೆ. ಫಿನೀಷಿಯನ್ನಿನಲ್ಲಿ ಆಳ್ವಿಕೆಯ ಮೂರನೆಯ ವರ್ಷ ಎಂದಿರುವಲ್ಲಿ ಎಟ್ರುಸ್ಕನ್ನಿನಲ್ಲಿ 'ಕಿ ಅವಿಲ್' ಎಂದಿದೆ. ಥು ಒಂದು. ಝಲ್ ಎರಡು, ಗೋರಿ ಬರಹಗಳಲ್ಲಿ ಇಬ್ಬರು ಗಂಡುಮಕ್ಕಳನ್ನು 'ಕ್ಲೆನಾರ್ ಝಲ್' ಎಂದು ಎಣಿಸಿದ್ದಾರೆ. ಮಖ್ ಐದು, ಅದರ ಹತ್ತುಪಟ್ಟು ಮುವಲ್ಖ್. ನಲವತ್ತೊಂಬತ್ತನ್ನು ಅವರು 'ಥುನೆಮ್ ಮುವಲ್ಖ್ಲ್ಸ್' ಎಂದು ಬರೆಯುತ್ತಾರೆ: ಐವತ್ತಕ್ಕೆ ಒಂದು ಕಡಿಮೆ. ನಮ್ಮ ಒಂಬತ್ತನ್ನೂ ಹತ್ತಕ್ಕೆ ಒಂದು ಕಡಿಮೆ ಎಂದು ಬಿಡಿಸಿ ತೋರಿಸುವ ವಿವರಣೆ ಇದೆಯಲ್ಲ, ಅದು ನೆನಪಾಗಿ ಆ ಸಾಲನ್ನು ಐದಾರು ಸಲ ಓದಿದೆ. ಎರಡು ಭಾಷೆಗಳಿಗೆ ನಂಟು ಹಚ್ಚುತ್ತಿಲ್ಲ, ಎಣಿಸುವವರ ಮನಸ್ಸು ಎಲ್ಲೆಲ್ಲಿ ಒಂದೇ ದಾರಿ ಹಿಡಿಯುತ್ತದೆ ಎಂಬ ಸಂತೋಷ, ಅಷ್ಟೇ.

ಹಾಗಾದರೆ ಹುಥ್ ಮತ್ತು ಶ ಪಾಲಿಗೆ ಉಳಿದವು ನಾಲ್ಕು ಮತ್ತು ಆರು. ಯಾವುದು ಯಾರದು?

ದಾಳವನ್ನೇ ಕೇಳಿದರೆ ಹುಥ್ ಆರು ಎನ್ನುತ್ತದೆ. ಅದರಲ್ಲಿ ಥು ಎದುರಿಗೆ ಹುಥ್, ಝಲ್ ಎದುರಿಗೆ ಮಖ್, ಕಿ ಎದುರಿಗೆ ಶ. ಎದುರುಬದುರು ಮುಖಗಳ ಮೊತ್ತ ಏಳಾಗಬೇಕೆಂಬ, ನಮ್ಮ ಇಂದಿನ ದಾಳಗಳಲ್ಲೂ ಇರುವ ನಿಯಮ ಹಿಡಿದರೆ ಒಂದು ಆರು, ಎರಡು ಐದು, ಮೂರು ನಾಲ್ಕು ಅಚ್ಚುಕಟ್ಟಾಗಿ ಕೂರುತ್ತವೆ. 2011ರಲ್ಲಿ ಇಟಲಿಯ ಸಂಶೋಧಕ ಆರ್ಟಿಯೋಲಿ ಮತ್ತು ಸಂಗಡಿಗರು ತೊಂಬತ್ತಕ್ಕೂ ಹೆಚ್ಚು ಪ್ರಾಚೀನ ದಾಳಗಳನ್ನು ಪರಿಶೀಲಿಸಿ ಇದೇ ತೀರ್ಮಾನಕ್ಕೆ ಬಂದರು. ಅದನ್ನು ನಂಬಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಆದರೆ ಎದುರು ಸಾಕ್ಷಿಗಳು ಸುಮ್ಮನಿರುವಂಥವಲ್ಲ. ಊರುಗಳ ಹೆಸರಿನ ಕೋಶ ಬರೆದ ಬೈಜಾಂಟಿಯಮ್ಮಿನ ಸ್ಟೆಫಾನಸ್, ಗ್ರೀಸಿನ ಆಟಿಕಾದಲ್ಲಿ ಮ್ಯಾರಥಾನ್ ಸೇರಿದಂತೆ ನಾಲ್ಕು ಊರುಗಳ ಕೂಟವಾದ ಟೆಟ್ರಾಪೊಲಿಸ್‌ಗೆ ಹಿಂದೆ ಹುಟ್ಟೆನಿಯಾ ಎಂಬ ಹೆಸರಿತ್ತೆಂದು ಬರೆದಿದ್ದಾನೆ. ನಾಲ್ಕೂರಿಗೆ ಹುಟ್ಟೆನಿಯಾ! ಆ ಹೆಸರು ಗ್ರೀಕರಿಗಿಂತ ಹಿಂದಿನ, ಎಟ್ರುಸ್ಕನ್ನಿಗೆ ನಂಟಿರುವ ಭಾಷೆಯದೆಂದು ಕೆಲವರ ಊಹೆ. ಎಟ್ರುಸ್ಕನ್ ನಗರ ತಾರ್ಕ್ವಿನಿಯಾದ ಗೋರಿಯೊಂದರ ಗೋಡೆಯಲ್ಲಿ ಸಾವಿನ ಕಾವಲುಗಾರ ಖರುನ್ ನಾಲ್ಕು ಸಲ ಚಿತ್ರಿತನಾಗಿದ್ದಾನೆ. ಒಬ್ಬನ ಪಕ್ಕದಲ್ಲಿ 'ಖರುನ್ ಹುಥ್ಸ್' ಎಂದಿದೆ. ನಾಲ್ಕನೆಯ ಖರುನ್ ಎಂದು ಓದಿದರೆ ಎಷ್ಟು ಸಹಜ! ಪೆನ್ಸಿಲ್ ಗುರುತು ಅಳಿಸಿದೆ.

ಆಮೇಲೆ ಒಂದು ರಾತ್ರಿ, ಹುಥ್ ನಾಲ್ಕೇ ಆದರೆ ದಾಳ ಕೆಟ್ಟಂತಾಗುತ್ತದೆಯೇ ಎಂದು ಕಾಗದದ ಮೇಲೆ ಜೋಡಿಸಿ ನೋಡಿದೆ. ಒಂದಕ್ಕೆ ನಾಲ್ಕು, ಎರಡಕ್ಕೆ ಐದು, ಮೂರಕ್ಕೆ ಆರು. ಪ್ರತಿ ಜೋಡಿಯ ನಡುವೆಯೂ ಸರಿಯಾಗಿ ಮೂರರ ಅಂತರ! ಇದನ್ನು ಮೊದಲು ಕಂಡವನು ನಾನಲ್ಲ, ಆದರೆ ಸ್ವಂತ ಕೈಯಿಂದ ಬರೆದಾಗ ಎದ್ದು ಕೂತೆ. ಎರಡೂ ಓದಿನಲ್ಲಿ ದಾಳಕ್ಕೊಂದು ಕ್ರಮವಿದೆ. ಹಾಗಾಗಿ ದಾಳದ ಅಂದವೊಂದನ್ನೇ ಸಾಕ್ಷಿಗೆ ಕರೆಯುವಂತಿಲ್ಲ. ನನ್ನ ಒಲವು ಈಗ ಖರುನ್ ಕಡೆಗೆ, ಹುಥ್ ನಾಲ್ಕು ಎಂಬ ಕಡೆಗೆ ಇದೆ. ಆದರೂ ಒಲವನ್ನು ನಂಬಿ ಮರ ಕೊರೆಯುವ ಧೈರ್ಯ ಬರಲಿಲ್ಲ.

ಕೈ ಹಿಡಿದು ನಿಲ್ಲಿಸಿದ್ದು ತಾರ್ಕ್ವಿನಿಯಾದ ಒಬ್ಬ ಹೆಂಗಸು, ರಾಮ್ಥಾ ಮತುಲ್ನೈ. ಮಾರ್ಕೆ ಮತುಲ್ನನ ಮಗಳು, ಸೇಥ್ರೆಯ ಹೆಂಡತಿ. ಆಕೆಯ ಗೋರಿಯಲ್ಲಿ ತೀರಿಕೊಂಡ ವಯಸ್ಸನ್ನು 'ಅವಿಲ್ಸ್ ಮಖ್ಸ್ ಶೆಅಲ್ಖ್ಲ್ಸ್ಕ್' ಎಂದು ಬರೆದಿದ್ದಾರೆ: ಐದು, ಜೊತೆಗೆ ಶ ಹತ್ತುಗಳು. ಶ ನಾಲ್ಕಾದರೆ ಆಕೆ ನಲವತ್ತೈದಕ್ಕೆ ಹೋದಳು, ಆರಾದರೆ ಅರವತ್ತೈದಕ್ಕೆ. ಒಂದು ಪದದ ಬೆಲೆ ಗೊತ್ತಿಲ್ಲದ್ದಕ್ಕೆ ಒಬ್ಬಾಕೆಯ ಇಪ್ಪತ್ತು ವರ್ಷ ನಮ್ಮ ಕೈಯಲ್ಲಿ ತೂಗಾಡುತ್ತಿದೆ. ಮೊಮ್ಮಕ್ಕಳನ್ನು ಕಂಡಳೋ ಇಲ್ಲವೋ ಎಂಬುದೂ ಅದರೊಳಗೇ ಇರಬಹುದು.

ಮಧ್ಯೆ ಮುಂದಿನ ಕೆಲಸದ ಮಾತು: ಮನಸ್ಸು ಆಗಲೇ ಈಜಿಪ್ಟಿಗೆ ಹಾರಿದೆ. ಆಕ್ಸಿರಿಂಕಸ್‌ನ 413ನೆಯ ಪಪೈರಸ್, ಚಾರಿಷನ್ ಎಂಬ ಗ್ರೀಕ್ ಯುವತಿ ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಪ್ರಹಸನ. ಅದರಲ್ಲಿ ಭಾರತೀಯರ ಬಾಯಲ್ಲಿ ಬರುವ ಮಾತುಗಳು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ವಾದಿಸಿದರು. ವಾದ ಇನ್ನೂ ತೀರಿಲ್ಲ. ಆ ಸಾಲುಗಳನ್ನು ಲಾಳದ ಕಡ್ಡಿಯಿಂದ ಗ್ರೀಕ್ ಲಿಪಿಯಲ್ಲಿ ಪ್ರತಿ ಮಾಡಿ, ಒಂದೊಂದೇ ಉಚ್ಚಾರವನ್ನು ಕಿವಿಯಿಂದ ತೂಗಿ ನೋಡಬೇಕು. ಕಾಗದ ಮಾರುವವರಾದರೂ ನಿಜ ಹೇಳಲಿ ಎಂದು ಹಾರೈಸುತ್ತೇನೆ.

ದಾಳಕ್ಕೆ ಮರಳುತ್ತೇನೆ. ಬಿಡುಗಡೆ ಸಿಕ್ಕಿದ್ದು ನಿನ್ನೆ ಸಂಜೆ, ಹಳೆಯ ಪಗಡೆ ಡಬ್ಬಿಯಲ್ಲಿದ್ದ ಸಾಮಾನ್ಯ ದಾಳ ಹಿಡಿದು ಕೂತಾಗ. ನಾಲ್ಕರ ಮುಖ ಎಂದರೆ ಮೂಲೆಗೊಂದರಂತೆ ನಾಲ್ಕು ಕುಳಿ. ಆರು ಎಂದರೆ ಅದೇ ನಾಲ್ಕು, ನಡುವೆ ಇನ್ನೆರಡು. ಯಾರ ವಾದ ಗೆದ್ದರೂ ಹುಥ್ ಮುಖಕ್ಕೆ ಆ ನಾಲ್ಕು ಬೇಕು, ಶ ಮುಖಕ್ಕೂ ಬೇಕು! ಇವತ್ತು ಬೆಳಿಗ್ಗೆ ಎರಡೂ ಮುಖಗಳ ಮೂಲೆಗಳನ್ನು ಕೊರೆದು ಮುಗಿಸಿದೆ. ಒಂದು ಕುಳಿಗೆ ಹತ್ತು ವರ್ಷದ ಲೆಕ್ಕದಲ್ಲಿ ರಾಮ್ಥಾಳ ಇಪ್ಪತ್ತು ವರ್ಷಕ್ಕೆ ಸರಿಯಾಗಿ ಎರಡು ಕುಳಿ ಬಾಕಿ. ಸೂಜಿಮೊನೆಯಷ್ಟು ಗುರುತನ್ನು ಎರಡೂ ಮುಖಗಳಲ್ಲಿ ಹಾಕಿ, ಸಣ್ಣ ಬೈರಿಗೆಯನ್ನು ದಾಳದ ಪಕ್ಕದಲ್ಲೇ ಇಟ್ಟಿದ್ದೇನೆ.