ಮೊದ್ಲು ಹಸೂನ ಸಂತೈಸ್ಬೇಕು

ಚಿಕ್ಕಪ್ಪ ತೀರ್ಕೊಂಡ ಸುದ್ದಿ ಬಂದಾಗ ನಾನು ಬೆಂಗಳೂರಲ್ಲಿ ಆಫೀಸಲ್ಲಿದ್ದೆ, ಮಣ್ಣಿಗೆ ಹೋಗಕ್ಕಾಗ್ಲಿಲ್ಲ, ಫ್ಯಾಮಿಲಿ ಗ್ರೂಪಲ್ಲಿ ಎಲ್ರೂ ಹಾಕ್ತಿದ್ರಲ್ಲ, ನಾನೂ "ಸಂತೈಸಲು ಪದಗಳಿಲ್ಲ" ಅಂತ ಟೈಪ್ ಮಾಡಿ ಹಾಕ್ದೆ.

ಹಾಲು ತುಪ್ಪದ ದಿನ ಅಮ್ಮನ ಜೊತೆ ಊರಿಗೆ ಹೋದೆ, ಮಳವಳ್ಳಿ ಹತ್ರ. ಚಿಕ್ಕಮ್ಮ ನಡುಮನೆ ಕಂಬಕ್ಕೆ ಒರಗಿ ಕೂತಿದ್ರು. ಬಂದೋರೆಲ್ಲ ಹೇಳ್ತಿದ್ದಿದ್ದು ಒಂದೇ, ಸಮಾಧಾನ ಮಾಡ್ಕೋ ಸಮಾಧಾನ ಮಾಡ್ಕೋ. ನಾನೂ ಕೈ ಹಿಡ್ಕೊಂಡು ಅದನ್ನೇ ಹೇಳ್ದೆ. ಅವ್ರು ನನ್ ಮುಖ ನೋಡಿ "ಹೆಂಗ್ ಮಾಡ್ಕೊಳ್ಳದು ಮಗ, ಹೇಳ್ಕೊಡು, ಹಂಗೇ ಮಾಡ್ಕೋತೀನಿ" ಅಂದ್ರು. ಸಿಟ್ಟಲ್ಲಿ ಅಂದಿದ್ದಲ್ಲ, ನಿಜವಾಗ್ಲೂ ಕೇಳಿದ್ರು. ನಂಗೆ ಬಾಯೇ ಬರ್ಲಿಲ್ಲ.

ಅಷ್ಟೊತ್ತಿಗೆ ಹಿತ್ಲಲ್ಲಿ ಹಸು ಕೂಗೋಕೆ ಶುರು ಮಾಡ್ತು. ಸೀಮೆಹಸು, ಚಿಕ್ಕಪ್ಪ ಬಿಟ್ರೆ ಬೇರೆ ಯಾರೂ ಕರೆದಿದ್ದೇ ಇಲ್ವಂತೆ, ಮೂರು ದಿನದಿಂದ ಹತ್ರ ಹೋದೋರಿಗೆಲ್ಲ ಒದೀತಿತ್ತು, ಕೆಚ್ಚಲು ಕಲ್ಲಾಗಿತ್ತು. ಪಕ್ಕದ ಮನೆ ದೊಡ್ಡವ್ವ ಆಗ ತಾನೇ ಮುದ್ದೆ ಸಾರು ಹೊತ್ಕೊಂಡು ಬಂದಿದ್ರು (ಈ ಮನೇಲಿ ಇನ್ನೂ ಒಲೆ ಹಚ್ಚಿರ್ಲಿಲ್ಲ), ಪಾತ್ರೆ ಇಟ್ಟು "ಮೊದ್ಲು ಹಸೂನ ಸಂತೈಸ್ಬೇಕು ಇರ್ರವ್ವ" ಅಂದ್ರು. ಗೂಟದಲ್ಲಿ ನೇತಾಡ್ತಿದ್ದ ಚಿಕ್ಕಪ್ಪನ ಟವಲ್ ತಗೊಂಡು ಹೆಗಲ ಮೇಲೆ ಹಾಕ್ಕೊಂಡು ಹೋದ್ರು. ಹಸು ಮೂಸಿ ನೋಡ್ತು. ದೊಡ್ಡವ್ವ ಅವಸರ ಮಾಡ್ಲಿಲ್ಲ, ಗಂಗೆದೊಗಲು ಕೆರೀತಾ ಏನೇನೋ ಮಾತಾಡ್ತಾ ನಿಂತ್ರು, ಬಿಸಿನೀರಲ್ಲಿ ಬಟ್ಟೆ ಅದ್ದಿ ಕೆಚ್ಚಲು ಒರೆಸಿದ್ರು, ಆಮೇಲೆ ಕೂತ್ಕೊಂಡ್ರು. ಚಂಬಿನ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿ ಚಿಕ್ಕಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತಿದ್ರು.

ಆಮೇಲೆ ಅದೇ ಬಿಸಿನೀರಲ್ಲಿ ಚಿಕ್ಕಮ್ಮನ ಮುಖ ಕೈಕಾಲು ತೊಳೆಸಿ, ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ರು. ಅಳಬೇಡ ಅಂತ ಒಂದ್ಸಲಾನೂ ಹೇಳ್ಲಿಲ್ಲ. ಚಿಕ್ಕಮ್ಮ ಅಳ್ತಾನೇ ನುಂಗಿದ್ರು.

ಸಂತೈಸೋದು ಅಂದ್ರೆ ಬರೀ ಬರವಣಿಗೆ ಪದ, ಮಾತಲ್ಲಿ ಹೋಗ್ಬಿಟ್ಟಿದೆ, ಅದೂ ಮಾತಲ್ಲಿ ಮಾಡೋ ಕೆಲ್ಸ ಅಂತ್ಲೇ ನಾನು ಅನ್ಕೊಂಡಿದ್ದೆ. ವಾಪಸ್ ಬರೋವಾಗ ಬಸ್ಸಲ್ಲಿ ಬಸವಣ್ಣನ ವಚನ ನೆನಪಾಯ್ತು, 12ನೇ ಶತಮಾನದ್ದು, ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೇ, "ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ". ಅಲ್ಲಿ ಕಣ್ಣೀರು ಒರೆಸೋ ಅರ್ಥಕ್ಕಿಂತ ನೋಡ್ಕೊಳ್ಳೋದು, ಸರಿಯಾಗಿ ಇಟ್ಕೊಳ್ಳೋದು ಅನ್ನೋ ಅರ್ಥಾನೇ ಜಾಸ್ತಿ, ಅದ್ರಲ್ಲೂ ಮನಸ್ಸಿಗಿಂತ ಮುಂಚೆ ತನು ಬಂದಿದೆ. ಇಷ್ಟು ವರ್ಷ ಅದು ನನ್ ಕಣ್ಣಿಗೇ ಬಿದ್ದಿರ್ಲಿಲ್ಲ. ಸಮಾಧಾನ ಹಂಗಲ್ಲ, ಅದಕ್ಕೆ ಶಂಕೆಗೆ ಕೊಡೋ ಉತ್ತರ ಅನ್ನೋ ಅರ್ಥಾನೂ ಇದೆ, ಗೆಲ್ಲದೇ ಇದ್ದೋರಿಗೆ ಸಮಾಧಾನಕರ ಬಹುಮಾನಾನೂ ಕೊಡ್ತೀವಿ. ನೋವಲ್ಲಿರೋರಿಗೆ ಸಮಾಧಾನ ಮಾಡ್ಕೋ ಅಂದ್ರೆ ಕೆಲ್ಸ ಪೂರ್ತಿ ಅವ್ರ ತಲೆ ಮೇಲೇ ಹಾಕಿ ನಾವು ಎದ್ದು ಬಂದಂಗೆ. ಮಕ್ಕಳ ವಿಷ್ಯದಲ್ಲಿ ನಾವು ಹಂಗೆ ಮಾಡಲ್ಲ ನೋಡಿ, ಉತ್ತರ ಕರ್ನಾಟಕದ ಕಡೆ ಮಗೂನ ರಮಿಸೋದು ಅಂತಾರೆ, ಅಳೋ ಕೂಸಿಗೆ ಸಮಾಧಾನ ಮಾಡ್ಕೋ ಅಂತ ಯಾರೂ ಹೇಳಲ್ಲ, ಎತ್ಕೋತಾರೆ.

ಗ್ರೂಪಲ್ಲಿ ಹಾಕಿದ್ದ ಆ ಮೆಸೇಜ್ ಮನೆಗೆ ಬಂದು ತೆಗೆದು ಹಾಕೋಕೆ ಹೋದೆ, ಟೈಮ್ ಮೀರಿತ್ತು, ಡಿಲೀಟ್ ಆಗ್ಲಿಲ್ಲ. ಈಗ ದಿನಾ ಸಂಜೆ ಡೈರಿಗೆ ಹಾಲು ಹಾಕೋ ಹೊತ್ತಿಗೆ ಚಿಕ್ಕಮ್ಮಂಗೆ ಫೋನ್ ಮಾಡ್ತೀನಿ, ಹೆಂಗಿದ್ದೀರ ಅಂತ ಕೇಳಲ್ಲ, ಹಸು ಎಷ್ಟು ಕೊಡ್ತು ಅಂತ ಕೇಳ್ತೀನಿ. ನಿನ್ನೆ ಅವ್ರೇ ಕರೆದ್ರಂತೆ, ಟವಲ್ ಹಾಕ್ಕೊಂಡು. ನಾಲ್ಕು ಲೀಟ್ರು.